ಸಾರಿನ ಹುಡಿ ಯಾರದು

ನನ್ನ ಅತ್ತೆ ಹೋಟೆಲು ಕಟ್ಟಲಿಲ್ಲ. ಅವರು ಕಟ್ಟಿದ್ದು ಬೇರೆಯೇ ಒಂದು ವ್ಯಾಪಾರ. ಅದನ್ನು ಮನೆಯವರೇ ಅವರ ಕೈಯಿಂದ ಕಿತ್ತುಕೊಂಡರು, ಕಿತ್ತುಕೊಂಡ ಮೇಲೆ ಒಂದು ರೇಷ್ಮೆ ಸೀರೆ ಉಡಿಸಿದರು. ನಡೆದದ್ದು ಇಷ್ಟೇ. ಮೊನ್ನೆ ನಮ್ಮ ಕರಾವಳಿಯವರ ಸಂಘದವರು ಮಹಿಳಾ ದಿನ ಅಂತ ಮಾಡಿ, ಅತ್ತೆಯನ್ನು ಮದರಾಸಿನ ಮೊದಲ ಮಹಿಳಾ ಉದ್ಯಮಿಗಳಲ್ಲಿ ಒಬ್ಬರು ಎಂದು ಹೊಗಳಿ, ಅವರ ಪಟಕ್ಕೆ ಹಾರ ಹಾಕಿದರು. ಪಟದಲ್ಲಿ ಅವರು ಉಟ್ಟಿದ್ದು ಅದೇ ಸೀರೆ.

ನಾನು ಓದಿದವಳಲ್ಲ. ಉಡುಪಿ ಕಡೆಯ ಒಂದು ಹಳ್ಳಿಯಲ್ಲಿ ಐದನೆಯ ಕ್ಲಾಸಿನವರೆಗೆ ಶಾಲೆ, ಆಮೇಲೆ ಒಲೆ. ಮದುವೆಯಾಗಿ ಮದರಾಸಿಗೆ ಬಂದೆ, ಅದು ಚೆನ್ನೈ ಆಗುವಷ್ಟರಲ್ಲಿ ಮುದುಕಿಯಾದೆ. ಪುಸ್ತಕದ ಚರಿತ್ರೆ ನನಗೆ ಗೊತ್ತಿಲ್ಲ. ನಮ್ಮ ಮನೆಯದ್ದು ಗೊತ್ತು.

ನನ್ನ ಮಾವ ಬೇರೆಯವರ ಹೋಟೆಲಿನಲ್ಲಿ ದುಡಿದು, ಆಮೇಲೆ ಅಡ್ಯಾರಿನಲ್ಲಿ ಸ್ವಂತ ಹೋಟೆಲು ಹಾಕಿದವರು. ಊರಿನಿಂದ ಭಟ್ಟರನ್ನು ಕರೆಸಿ ಅಡಿಗೆಗೆ ನಿಲ್ಲಿಸಿದರು. ಮೊದಮೊದಲು ಅಲ್ಲಿ ನೊಣ ಹೊಡೆಯುವುದೇ ಕೆಲಸ. ಹೋಟೆಲಿನ ಹಿಂದೆಯೇ ಮನೆ. ಅಡಿಗೆಮನೆಯ ಕಿಟಕಿ ಹಿಂದಿನ ಓಣಿಗೆ ತೆರೆಯುತ್ತಿತ್ತು. ಅತ್ತೆ ಅಲ್ಲಿ ಸಾರಿನ ಹುಡಿಗೆ ಕೊತ್ತಂಬರಿ ಹುರಿಯುತ್ತಿದ್ದಾಗ ಓಣಿಯ ಒಬ್ಬ ತಮಿಳು ಹೆಂಗಸು ವಾಸನೆ ಹಿಡಿದು ನಿಂತಳಂತೆ. "ಮಾಮಿ, ಎನ್ನ ವಾಸನೈ ಇದು!" ಎಂದಳಂತೆ, ಎಂಥ ಘಮ ಇದು ಎಂದು. ಅತ್ತೆ ಬಾಳೆಲೆಯ ಚೂರಿನಲ್ಲಿ ಒಂದಿಷ್ಟು ಹುಡಿ ಕಟ್ಟಿ ಕೊಟ್ಟರು. ಮರುವಾರ ಅವಳು ಪಕ್ಕದ ಮನೆಯವಳನ್ನೂ ಕರೆದುಕೊಂಡು ಬಂದಳು. ಕ್ರಮೇಣ ಆ ಕಿಟಕಿಯೇ ಅಂಗಡಿಯಾಯಿತು.

ಊರಿನಲ್ಲಿ ನಾವು ತೆಂಗಿನೆಣ್ಣೆ ಹಾಕಿ ಹುರಿಯುವುದು. ಇಲ್ಲಿಯ ಸೆಕೆಗೆ ಆ ಹುಡಿ ಬೇಗ ಕಮಟುತ್ತಿತ್ತು, ಕೊಂಡವರು ಬಂದು ದೂರುತ್ತಿದ್ದರು. ಅತ್ತೆ ಎಣ್ಣೆ ಬಿಟ್ಟು ಸಣ್ಣ ಉರಿಯಲ್ಲಿ ಒಣದಾಗಿ ಹುರಿದು ನೋಡಿದರು. ರುಚಿ ಸೊರಗಿತು. ಮೆಂತೆ ಇಳಿಸಿದರು, ಮೆಣಸಿನ ಜಾತಿ ಬದಲಿಸಿದರು, ಕರಿಬೇವನ್ನು ನೆರಳಿನಲ್ಲಿ ಒಣಗಿಸಿ ಹಾಕಿದರು. ಕೆಟ್ಟದ್ದನ್ನು ಮನೆಯವರಿಗೆ ಸಾರು ಮಾಡಿ ಬಡಿಸಿದರು, ಒಳ್ಳೆಯದನ್ನು ಕಿಟಕಿಯಲ್ಲಿ ಮಾರಿದರು. ಹಾಗೆ ಹದಕ್ಕೆ ಬಂದ ಆ ಹುಡಿ ಅವರ ತವರಿನದ್ದಲ್ಲ, ಗಂಡನ ಮನೆಯದ್ದೂ ಅಲ್ಲ. ಅವರೇ ಕಂಡುಹಿಡಿದದ್ದು. ಈಗ ಪೊಟ್ಟಣದ ಮೇಲೆ ಪರಂಪರೆ, ಪರಂಪರೆ ಎಂದು ಬರೆಯುತ್ತಾರಲ್ಲ, ಅದು ಸುಳ್ಳು.

ಹುಡಿ ಓಣಿಯಲ್ಲಿ ಹೆಸರು ಮಾಡಿತು. ಅದನ್ನು ನೋಡಿ ಮಾವ ಅದೇ ಹುಡಿಯನ್ನು ಹೋಟೆಲಿನ ಸಾರಿಗೆ ಹಾಕಿಸಿದರು. ಜನ ಬರತೊಡಗಿದರು. ಬಂದ ಕೂಡಲೇ ಮಾವನಿಗೆ ಮಾನದ ನೆನಪಾಯಿತು. ಹೋಟೆಲಿನ ಯಜಮಾನನ ಹೆಂಡತಿ ಕಿಟಕಿಯಲ್ಲಿ ಕೂತು ಪೊಟ್ಟಣ ಮಾರುವುದು ಚಂದವೇ ಎಂದರು. ಕಿಟಕಿಗೆ ಹಲಗೆ ಹೊಡೆಸಿ, ಅದರ ಮುಂದೆ ಅಕ್ಕಿಮೂಟೆ ಪೇರಿಸಿದರು. ಓಣಿಯ ಹೆಂಗಸರು ಕೇಳಿದರೆ, ಸಾರು ಬೇಕಾದರೆ ಹೋಟೆಲಿಗೆ ಬನ್ನಿ ಎಂದು ಹೇಳಿಸಿದರು. ಆ ದೀಪಾವಳಿಗೆ ಸೀರೆ ಬಂತು, ಸ್ಟುಡಿಯೋದಲ್ಲಿ ಪಟ ತೆಗೆಸಿದರು.

ಇದನ್ನು ನಾನು ಕಣ್ಣಾರೆ ಕಂಡಿಲ್ಲ. ನಾನು ಸೊಸೆಯಾಗಿ ಬಂದ ಮೇಲೆ, ಗೆರಸೆಯಲ್ಲಿ ಕೊತ್ತಂಬರಿ ಕೇರುತ್ತಾ ಅತ್ತೆಯೇ ಹೇಳಿದ್ದು. ಅಳಲಿಲ್ಲ. ಕಲ್ಲು ಆರಿಸಿ ಎಸೆದ ಹಾಗೆ ಒಂದೊಂದೇ ಮಾತು ಹೇಳಿದರು.

ನಮ್ಮ ಮನೆಯಲ್ಲಿ ಒಂದು ಕ್ರಮ ಇತ್ತು. ಸಾಮಾನು ಹುರಿಯುವುದು ಹೋಟೆಲಿನ ಭಟ್ಟರು, ಬೇರೆಬೇರೆಯಾಗಿ. ಹುರಿದದ್ದು ಡ್ರಮ್ಮಿನಲ್ಲಿ ಮನೆಗೆ ಬರಬೇಕು. ಯಾವುದು ಎಷ್ಟು ಎಂದು ಬೆರೆಸುವುದು ಮನೆಯ ಹಿರಿಯ ಹೆಂಗಸು, ಬಾಗಿಲು ಹಾಕಿಕೊಂಡು. ಅಳತೆಯನ್ನು ಎಲ್ಲೂ ಬರೆಯುವ ಹಾಗಿಲ್ಲ. ಅದನ್ನು ಸೊಸೆಗೆ ಹೇಳಿಕೊಡಬೇಕು, ಮಗಳಿಗೆ ಹೇಳಬಾರದು. ಮಗಳು ಬೇರೆ ಮನೆಗೆ ಹೋಗುವವಳು, ಅವಳ ಜೊತೆ ಹುಡಿಯೂ ಹೋಗುತ್ತದೆ ಎಂದು. ಬೆರೆಸುವ ಹೊತ್ತಿಗೆ ನನ್ನ ನಾದಿನಿಯನ್ನು ಹೂ ಕಟ್ಟಲಿಕ್ಕೆ ಜಗಲಿಗೆ ಅಟ್ಟುತ್ತಿದ್ದರು.

ಹೊಸದರಲ್ಲಿ ನನಗೆ ಇದೊಂದು ದೊಡ್ಡ ಮರ್ಯಾದೆ ಎಂದು ಜಂಬ ಇತ್ತು. ಒಂದು ದಿನ ಅತ್ತೆಯ ಹತ್ತಿರ ಹೇಳಿಯೂ ಬಿಟ್ಟೆ. "ಇಷ್ಟು ದೊಡ್ಡ ಹೋಟೆಲಿನ ಗುಟ್ಟು ನಮ್ಮ ಕೈಯಲ್ಲಿ ಉಂಟಲ್ಲ ಅತ್ತೆ, ಗಂಡಸರಿಗೆ ನಮ್ಮ ಮೇಲೆ ಎಷ್ಟು ನಂಬಿಕೆ!"

ಅವರು ನಕ್ಕರು. "ನಂಬಿಕೆ ಅಂತೆ! ಭಟ್ರಿಗೆ ಹೇಳಿದ್ರೆ ಅವ ನಾಳೆಯೇ ಎದುರು ಹೋಟ್ಲು ಹಾಕ್ತಾನೆ. ನಿಂಗೆ ಹೇಳಿದ್ರೆ ನೀನು ಎಲ್ಲಿಗೆ ಹೋಗ್ತೀ ಮಾರಾಯ್ತಿ?"

ಆ ಮಾತಿನ ನಂತರ ನನಗೆ ಜಂಬ ಬರಲಿಲ್ಲ. ಹುಡಿ ಮಾತ್ರ ಬೆರೆಸುತ್ತಾ ಬಂದೆ. ಅತ್ತೆ ಹೋದರು, ನನ್ನ ಗಂಡ ಹೋದರು. ಹೋಟೆಲು ಈಗ ನನ್ನ ಮಗನದ್ದು ಮತ್ತು ನನ್ನ ಮೈದುನನ ಗಂಡುಮಕ್ಕಳದ್ದು, ಪಾಲುದಾರಿಕೆ. ಅದರಲ್ಲಿ ಇವತ್ತಿಗೂ ಒಬ್ಬ ಹೆಂಗಸಿನ ಹೆಸರಿಲ್ಲ. ಮಗನ ಹೆಂಡತಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವಳು, ಹುಡಿ ಕಲಿಯಲು ಬಾ ಎಂದರೆ "ಮಿಲ್ಲಿಗೆ ಕೊಟ್ರೆ ಆಗುದಿಲ್ವಾ ಅತ್ತೆ?" ಎನ್ನುತ್ತಿದ್ದಳು. ತಪ್ಪು ಹೇಳಲಾರೆ. ಕಲಿತು ಅವಳಿಗೆ ಆಗಬೇಕಾದದ್ದು ಏನೂ ಇರಲಿಲ್ಲ.

ಮಗನಿಗೆ ಇರುವುದು ಒಬ್ಬಳೇ ಮಗಳು. ಮದುವೆಯಾಗಿ ವೇಲಚೇರಿಯಲ್ಲಿ ಒಂದು ಫ್ಲಾಟಿನಲ್ಲಿದ್ದಾಳೆ. ಮಗು ಆದ ಮೇಲೆ ಆಫೀಸಿನವರು ಅವಳನ್ನು ಇಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಕೂತು ಕೂತು ಬಾಡಿದಳು. ನಾನು ಹೋದಾಗ ಒಂದು ದಿನ ಕೇಳಿದಳು, "ಅಜ್ಜಿ, ಆ ಪೊಡಿ ನಂಗೆ ಹೇಳಿಕೊಡ್ತೀರಾ? ನಾನು ಮಗಳಲ್ವಾ, ರೂಲ್ಸ್ ಇದೆ ಅಲ್ವಾ?"

"ರೂಲ್ಸು ಮಾಡಿದವರು ಸತ್ತು ಬೂದಿಯಾಗಿದ್ದಾರೆ. ಬಾಣಲೆ ತಾ," ಎಂದೆ.

ಅವಳ ಅಡಿಗೆಮನೆಯಲ್ಲಿಯೇ ಕಲಿಸಿದೆ. ಸುಡುಸುಡು ಕೊತ್ತಂಬರಿಯನ್ನು ಅಂಗೈಯಲ್ಲಿ ಹಿಡಿದು ಹದ ನೋಡಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಅತ್ತಳು, ಬಿಡಲಿಲ್ಲ. ಹುಡಿಗೆ ತಾನೇ ಒಂದು ಹೆಸರು ಇಟ್ಟಳು, ಚಂದದ ಹೆಸರು. ಅವರ ಕಟ್ಟಡದವರು ಕೊಂಡರು, ಪಕ್ಕದ ಕಟ್ಟಡದವರು ಕೊಂಡರು, ದೂರದಿಂದಲೂ ಫೋನು ಬಂತು. ಒಂದು ಮಳೆಗಾಲದಲ್ಲಿ ಕೆಳಗೆಲ್ಲ ನೀರು ತುಂಬಿ ಲಿಫ್ಟು ನಿಂತಾಗ, ಕೊಂಡವರು ಮೇಲಿನ ಮಹಡಿಯಿಂದ ಹಗ್ಗ ಇಳಿಬಿಟ್ಟು ಪೊಟ್ಟಣ ಎತ್ತಿಕೊಂಡರು ಎಂದು ನಗುತ್ತಾ ಹೇಳಿದಳು. ಅವಳು ಹಾಗೆ ನಕ್ಕದ್ದನ್ನು ನಾನು ಕಂಡು ಬಹಳ ಕಾಲವಾಗಿತ್ತು.

ಮಗನಿಗೆ ಸುದ್ದಿ ಮುಟ್ಟಿಸಿದ್ದು ಹೋಟೆಲಿನ ಒಬ್ಬ ಗಿರಾಕಿ. ನಿಮ್ಮ ಹೋಟೆಲಿನ ರಸಂ ರುಚಿ ವೇಲಚೇರಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದಲ್ಲ ಎಂದನಂತೆ. ಮಗ ಪೊಟ್ಟಣ ತಂದು ನನ್ನ ಮುಂದಿಟ್ಟ.

"ಅಮ್ಮಾ, ಇದು ನಿಮ್ಮ ಕೆಲಸವಾ?"

"ಅಲ್ಲ. ನಿನ್ನ ಮಗಳ ಕೆಲಸ."

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಪೊಟ್ಟಣ ತಿರುಗಿಸಿ ತಿರುಗಿಸಿ ನೋಡಿದ. "ಪಾಪ, ಒಬ್ಬಳೇ ಕಷ್ಟಪಡುದು ಯಾಕೆ? ನಮ್ಮ ಹೋಟೆಲಿನ ಹೆಸರಲ್ಲೇ ಮಾಡುವ. ಅಂಬತ್ತೂರಿನಲ್ಲಿ ಮಿಲ್ಲು ಉಂಟು, ಅಲ್ಲಿ ಬೆರೆಸಿ ಪ್ಯಾಕ್ ಮಾಡಿಸುವ. ಅವಳ ಫೋಟೋ ಹಾಕುವ, ನನ್ನ ಅಜ್ಜಿ ಫೋಟೋನೂ ಹಾಕುವ. ಒಳ್ಳೆ ಸ್ಟೋರಿ ಅಮ್ಮಾ ಇದು."

"ಪಾಲು?"

"ಎಂತ ಪಾಲು ಅಮ್ಮಾ, ಎಲ್ಲ ನಮ್ಮದೇ ಅಲ್ವಾ?"

ನನ್ನ ಮಗ ಕೆಟ್ಟವನಲ್ಲ. ಮಗಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಅವನ ಅಜ್ಜನೂ ಹಾಗೆಯೇ ತಿಳಿದಿರಬೇಕು.

ಮಹಿಳಾ ದಿನ ಬಂದದ್ದು ಆಮೇಲೆ. ಸಂಘದ ಸಭಾಂಗಣ, ಮಲ್ಲಿಗೆ, ಬಾಗಿಲಲ್ಲಿ ಪನ್ನೀರು. 'ಚರಿತ್ರೆಯಿಂದ ಮಹಿಳಾ ಉದ್ಯಮಿಗಳಿಗೆ ಪಾಠ' ಎಂದು ದೊಡ್ಡ ಬ್ಯಾನರು. ನನ್ನನ್ನು ವೇದಿಕೆಯ ಮೇಲೆ ಕೂರಿಸಿದರು. ನಿರೂಪಣೆಯ ಹುಡುಗಿ ಮೈಕು ತಂದು ನನ್ನ ಬಾಯಿಗೆ ಹಿಡಿದಳು. "ಅಜ್ಜಿ, ನಿಮಗೆ ಸ್ಫೂರ್ತಿ ಯಾರು?"

ಅತ್ತೆ ಎನ್ನುತ್ತೇನೆ ಎಂದು ಮಗ ಕಾದಿದ್ದ. ನಾನು ಕಾಸಿಮೇಡು ಬಂದರಿನ ಮೀನು ಮಾರುವ ಹೆಂಗಸರು ಎಂದೆ.

ಅಲ್ಲಿ ಕೂತಿದ್ದವರೆಲ್ಲ ಬೆಳ್ಳುಳ್ಳಿಯನ್ನೂ ಮುಟ್ಟದ ಜನ. ಯಾರೋ ಹಿಂದಿನಿಂದ "ಅಯ್ಯೋ ದೇವ್ರೇ" ಎಂದರು. ಮಗ ನಕ್ಕು, "ಅಮ್ಮ ತಮಾಷೆ ಮಾಡುದು," ಎಂದ. ನಾನು ತಮಾಷೆ ಮಾಡಿದ್ದಲ್ಲ. ಗಂಡನನ್ನು ಆ ಕಡೆಯ ಆಸ್ಪತ್ರೆಯಲ್ಲಿ ಇಟ್ಟಿದ್ದಾಗ ಬೆಳಗಿನ ಜಾವ ಬಂದರಿನ ದಾರಿಯಲ್ಲಿ ಹೋಗುತ್ತಿದ್ದೆ. ದೋಣಿ ಬರುವ ಹೊತ್ತಿಗೆ ಆ ಹೆಂಗಸರು ಸೆರಗು ಬಿಗಿದು, ಏಲಂ ಕೂಗುವವನ ಮುಖಕ್ಕೆ ಮುಖ ಕೊಟ್ಟು ರೇಟು ಕೂಗುತ್ತಿದ್ದರು. ಕೊಂಡ ಮೀನಿನ ಬುಟ್ಟಿಯ ಮೇಲೆ ಕೈ ಇಟ್ಟರೆ ಗಂಡನಾದರೂ ಬೈಸಿಕೊಳ್ಳುತ್ತಿದ್ದ. ಮೂಗಿಗೆ ಸೆರಗು ಹಿಡಿದುಕೊಂಡೇ ನಾನು ನಿಂತು ನೋಡುತ್ತಿದ್ದೆ. ಅವರಿಗೆ ಯಾರೂ ಸೀರೆ ಉಡಿಸಿ ಪಟ ತೆಗೆಸಿರಲಿಲ್ಲ. ಆದರೆ ಬುಟ್ಟಿ ಅವರದ್ದಾಗಿತ್ತು.

ಆಮೇಲೆ ಕಾಲೇಜಿನ ಒಬ್ಬ ಮೇಡಂ ಮಾತಾಡಿದರು. ಒಳ್ಳೆಯ ಹೆಂಗಸು, ಮಾತೂ ಚಂದ. ನಮ್ಮ ಕರಾವಳಿಯಲ್ಲಿ ಒಬ್ಬ ರಾಣಿ ಇದ್ದಳಂತೆ. ಕಾಳುಮೆಣಸು ಮಾರಿ ರಾಜ್ಯ ಆಳಿದಳು, ಹಡಗಿನಲ್ಲಿ ಬಂದ ಪರದೇಶದವರು ಅವಳ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು. ಇಂಥವರು ನಮಗೆ ದಾರಿ ತೋರಿಸಬೇಕು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಂಬಾರ ಸಾಮಾನಿನ ವ್ಯಾಪಾರ ಎಂದ ಕೂಡಲೇ ನನಗೂ ಕಿವಿ ನೆಟ್ಟಗಾಗಿತ್ತು. ಅವರು ಬಂದು ಪಕ್ಕದಲ್ಲಿ ಕೂತಾಗ ಕೇಳಿದೆ.

"ಮೇಡಂ, ಆ ರಾಣಿಗೆ ಕಡೆಗೆ ಎಂತ ಆಯ್ತು?"

"ಕಡೆಗೆ... ಸೆರೆಯಲ್ಲಿ ತೀರಿಕೊಂಡಳು ಅಂತ ಹೇಳ್ತಾರೆ ಅಮ್ಮಾ."

"ಪರದೇಶದವರು ಹಿಡಿದದ್ದಾ?"

"ಇಲ್ಲ. ಅವರ ಎದುರು ಎಷ್ಟೋ ವರ್ಷ ಗಟ್ಟಿಯಾಗಿ ನಿಂತಳು. ಹಿಡಿದದ್ದು ನೆರೆಯ ರಾಜರು."

"ಅದನ್ನು ಮೈಕಿನಲ್ಲಿ ಹೇಳ್ಲಿಲ್ಲ ನೀವು."

"ಸಂತೋಷದ ಕಾರ್ಯಕ್ರಮ ಅಲ್ವಾ ಅಮ್ಮಾ," ಎಂದು ಅವರು ತಲೆ ತಗ್ಗಿಸಿದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ; ಕೇಳಿದ್ದಕ್ಕೆ ನಿಜ ಹೇಳಿದರು. ಚರಿತ್ರೆಯಲ್ಲಿ ಹೆಂಗಸರಿಗೆ ಪಾಠ ಇದ್ದರೆ ಅದು ಬಿಟ್ಟುಹೋದ ಆ ಕೊನೆಯ ತುಂಡಿನಲ್ಲಿದೆ. ಹಡಗಿನಲ್ಲಿ ಬಂದವನನ್ನು ಎದುರಿಸಬಹುದು. ಪಕ್ಕದ ಅಂಗಳದವನು ಬಾಗಿಲು ತಟ್ಟಿದರೆ ನಾವೇ ಮಣೆ ಹಾಕಿ ಕೂರಿಸುತ್ತೇವೆ.

ಅಷ್ಟರಲ್ಲಿ ಮಗ ಮೈಕು ಹಿಡಿದ. ತನ್ನ ಅಜ್ಜಿ ಗಂಡನ ಬೆಂಬಲದಿಂದ ಹೋಟೆಲು ಕಟ್ಟಿದ ಕಥೆ ಹೇಳಿದ. ಕಿಟಕಿ ಇಲ್ಲದ ಕಥೆ. ಆಮೇಲೆ ನನ್ನ ಮೊಮ್ಮಗಳನ್ನು ವೇದಿಕೆಗೆ ಕರೆದು, ಜರತಾರಿ ಬಟ್ಟೆ ಮುಚ್ಚಿದ ತಟ್ಟೆಯನ್ನು ಅವಳ ಕೈಯಿಂದಲೇ ತೆರೆಸಿದ. ತಟ್ಟೆಯಲ್ಲಿ ಹೊಸ ಪೊಟ್ಟಣಗಳು, ಮಾದರಿಗೆಂದು ಹೋಟೆಲಿನ ಹುಡಿ ತುಂಬಿದ್ದು. ಒಂದು ಮೂಲೆಯಲ್ಲಿ ಅತ್ತೆಯ ಪಟ, ಇನ್ನೊಂದು ಮೂಲೆಯಲ್ಲಿ ಅವಳದ್ದು, ನಡುವೆ ಹೋಟೆಲಿನ ಹೆಸರು. ಅವಳು ಇಟ್ಟಿದ್ದ ಹೆಸರು ಎಲ್ಲೂ ಇರಲಿಲ್ಲ.

ಅವಳು ಪೊಟ್ಟಣವನ್ನು ತಿರುಗಿಸಿ ಹಿಂದೆ ನೋಡಿದಳು. ಅಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಶಾಲು ಹೊದಿಸಿದರು. ಫೋಟೋ ತೆಗೆಯುವವನು ನಗಿ ಎಂದ. ನಕ್ಕಳು.

ಊಟವಾದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ನನ್ನನ್ನು ಹಿಡಿದಳು. ಅವಳಿಗೆ ಅಳು ಬಂದರೆ ತಮಿಳು ಬರುತ್ತದೆ. "ಅಜ್ಜಿ, ನಾನ್ ಎನ್ನ ಪಣ್ಣಟ್ಟುಂ?" ಎಂದಳು. ಏನು ಮಾಡಲಿ ಎಂದು.

"ನಿಂಗೆ ಎಂತ ಬೇಕು?"

"ಪೇರು... ಹೆಸ್ರು ಹಾಕ್ತೀನಿ ಅಂದಿದ್ರು ಅಪ್ಪ. ಕೇಳಿದ್ರೆ, ಎರಡು ಹೆಸ್ರು ಇದ್ರೆ ಕನ್‌ಫ್ಯೂಷನ್ ಆಗತ್ತೆ ಅಂತಾರೆ. ಇವರೂ ಹೇಳಿದ್ರು, ಬಿಡು, ನಿಂಗೆ ಹೆಡೇಕ್ ಕಡಿಮೆ ಆಯ್ತಲ್ಲ ಅಂತ." ಇವರು ಎಂದರೆ ಗಂಡ.

"ನಿಂಗೆ ಎಂತ ಬೇಕು ಅಂತ ನಾನು ಕೇಳಿದ್ದು. ಅವರಿಗೆ ಎಂತ ಬೇಕು ಅಂತ ನಂಗೆ ಗೊತ್ತುಂಟು."

ನಲ್ಲಿಯನ್ನು ಸುಮ್ಮನೆ ತಿರುಗಿಸುತ್ತಾ ನಿಂತಳು. ಅವಳಿಗೆ ಅತ್ತೆಯ ಕಿಟಕಿಯ ಕಥೆ ಹೇಳಿದೆ. ಹಲಗೆ, ಅಕ್ಕಿಮೂಟೆ, ಸೀರೆ. ಹಿಂದಿನವರು ಕೈ ತೊಳೆಯಲು ಸಾಲು ನಿಂತು ಗೊಣಗುತ್ತಿದ್ದರು. "ಒಂದು ನಿಮಿಷ ಮಾರಾಯ್ರೇ, ನಿಮ್ಮ ಕೈ ಎಲ್ಲಿಗೂ ಓಡಿ ಹೋಗುದಿಲ್ಲ," ಎಂದು ಅವರಿಗೂ ಹೇಳಿದೆ.

ಕೇಳಿ ಮುಗಿದ ಮೇಲೆ ಅವಳು ಬೇರೆಯೇ ಮಾತು ತೆಗೆದಳು. "ನಾಳೆ ಮಿಲ್ಲಿನವರು ನಿಮ್ಮ ಮನೆಗೆ ಬರ್ತಾರಂತೆ ಅಜ್ಜಿ, ಅಳತೆ ತಗೊಳ್ಳೋಕೆ. ನೀವೇ ಬೆರೆಸಿ ತೋರಿಸಿಬಿಡಿ. ನನ್ನನ್ನ ಕೇಳಿದ್ರೆ ಇಲ್ಲ ಅಂತ ಹೇಳೋಕೆ ಅಪ್ಪನ ಮುಖ ನೋಡಿ ಆಗಲ್ಲ. ಸರಿ ಅನ್ನೋಕೂ ಆಗಲ್ಲ. ನೀವು ತೋರಿಸಿದ್ರೆ ಮುಗೀತು. ಪ್ಲೀಸ್ ಅಜ್ಜಿ."

ಅವಳಿಗೆ ಬೇಕಾದದ್ದು ಅರ್ಥವಾಯಿತು. ತಾನು ಕೊಟ್ಟೆ ಎಂದು ಆಗಬಾರದು, ತನ್ನಿಂದ ಹೋಯಿತು ಎಂದೂ ಆಗಬಾರದು. ಅಜ್ಜಿಯ ಕೈಯಿಂದ ತಾನಾಗಿ ಜಾರಿಹೋಗಬೇಕು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿ ಹೆಂಗಸರ ಕೈಯಿಂದ ಎಲ್ಲವೂ ಹೀಗೆಯೇ ಹೋಗಿದೆ, ಯಾರೂ ಕೊಟ್ಟೆ ಎನ್ನದೆ, ಯಾರೂ ಕಸಿದೆ ಎನ್ನದೆ. ಜಗಳವಿಲ್ಲದ ಮನೆ ಎಂದು ನಮಗೆ ಊರಲ್ಲೆಲ್ಲ ಹೆಸರು.

"ಮನೆಗೆ ಹೋಗು, ಮಗು ಕಾಯ್ತಾ ಇರ್ತದೆ," ಎಂದೆ.

ಮರುದಿನ ಬೆಳಿಗ್ಗೆ ಮಿಲ್ಲಿನವನು ಕರೆಂಟಿನ ತಕ್ಕಡಿ ಹಿಡಿದುಕೊಂಡು ಬಂದ. ಹುರಿದ ಸಾಮಾನು ಹೋಟೆಲಿನಿಂದ ಬಂದಿತ್ತು. ಸೊಸೆ ವೀಡಿಯೊ ತೆಗೆಯಲು ಫೋನು ಹಿಡಿದು ನಿಂತಳು. ಮಗ ನನಗೆ ಮಣೆ ಹಾಕಿ, "ಎಂದಿನ ಹಾಗೇ ಬೆರೆಸಿ ಅಮ್ಮಾ. ನೀವು ಹಾಕಿದ್ದನ್ನೆಲ್ಲ ಅವರು ತೂಗ್ತಾರೆ, ಅಷ್ಟೇ," ಎಂದ.

ಕೂತೆ. ಕೊತ್ತಂಬರಿ ತೆಗೆದು ಹರಿವಾಣಕ್ಕೆ ಸುರಿದೆ. ಮಿಲ್ಲಿನವನು ತೂಗಿದ. ಆಮೇಲೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ.

"ಇನ್ನು ಎಂತ ಹಾಕುದು?" ಎಂದು ಮಗನನ್ನು ಕೇಳಿದೆ.

ಅವನು ನಕ್ಕ. "ನನ್ನನ್ನು ಕೇಳಿದ್ರೆ?"

"ನಂಗೆ ಮರ್ತು ಹೋಗಿದೆ."

ಸೊಸೆ ಫೋನು ಇಳಿಸಿದಳು. "ಅತ್ತೆ, ಎಂತ ಆಯ್ತು? ತಲೆ ತಿರುಗುತ್ತಾ?" ಎಂದು ನಿಜವಾಗಿಯೂ ಗಾಬರಿಯಾಗಿ ಕೇಳಿದಳು. ಡಾಕ್ಟರರಿಗೆ ಫೋನು ಮಾಡುವ ಎಂದಳು. ಮಗ ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತ.

"ಅಮ್ಮಾ, ಇವತ್ತು ಯಾವ ವಾರ?"

"ಸೋಮವಾರ. ವಾರ ಮರ್ತಿಲ್ಲ. ಹುಡಿ ಮರ್ತಿದೆ."

ಅವನಿಗೆ ತಿಳಿಯಿತು. ಮಿಲ್ಲಿನವನಿಗೆ ತಿಳಿಯಲಿಲ್ಲ, ಪಾಪ ಅಜ್ಜಿಗೆ ವಯಸ್ಸಾಯಿತು ಎಂಬ ಮುಖ ಮಾಡಿದ. ಇನ್ನು ಮೇಲೆ ಈ ಮನೆಯಲ್ಲಿ ನಾನು ಮರೆವಿನ ಮುದುಕಿ. ಉಗ್ರಾಣದ ಬೀಗದಕೈ ಸೊಸೆಯ ಸೊಂಟಕ್ಕೆ ಹೋಗುತ್ತದೆ, ಗ್ಯಾಸು ಹಚ್ಚಬೇಡಿ ಎನ್ನುತ್ತಾರೆ, ನಾನು ಹೇಳಿದ ಯಾವ ಮಾತಿಗೂ ಬೆಲೆ ಇರುವುದಿಲ್ಲ. ಅದೆಲ್ಲ ಗೊತ್ತಿದ್ದೇ ಹೇಳಿದ್ದು.

"ಹೋಟೆಲಿಗೆ ಈ ವಾರದ ಹುಡಿ?" ಎಂದ ಮಗ, ಸ್ವರ ತಗ್ಗಿಸಿ.

"ಗೊತ್ತಿರುವವಳು ಈಗ ಅವಳೊಬ್ಬಳೇ. ಅವಳನ್ನು ಕೇಳು. ಕೇಳುವಾಗ ಕೊಡು ಅಂತ ಹೇಳ್ಬೇಡ. ನಿಂಗೆ ಎಂತ ಬೇಕು ಅಂತ ಕೇಳು."

ಅವನು ಎದ್ದು ಜಗಲಿಗೆ ಹೋಗಿ ವೇಲಚೇರಿಗೆ ಫೋನು ಹಚ್ಚಿದ. ಅವಳು ಕೊಟ್ಟುಬಿಡಬಹುದು. ಅಪ್ಪನ ಸ್ವರ ಕೇಳಿದ ಕೂಡಲೇ ಕರಗುವ ಹುಡುಗಿ. ಕೊಟ್ಟರೆ ಕೊಡಲಿ, ಕೊಟ್ಟದ್ದು ತಾನೇ ಎಂಬುದಾದರೂ ಅವಳಿಗೆ ಗೊತ್ತಿರುತ್ತದೆ.

ಅತ್ತ ರಿಂಗಾಗುತ್ತಿತ್ತು. ಅವಳು ಎತ್ತುವವರೆಗೆ ನಾನು ನಿಲ್ಲಲಿಲ್ಲ. ಹರಿವಾಣದ ಕೊತ್ತಂಬರಿಯನ್ನು ಡಬ್ಬಕ್ಕೆ ತಿರುಗಿ ಸುರಿದು, ಮುಚ್ಚಳ ಬಿಗಿದು, ಒಗೆದ ಬಟ್ಟೆಯ ಬಕೆಟ್ಟು ತೆಗೆದುಕೊಂಡು ಮಹಡಿ ಹತ್ತಿದೆ.